ಬಾಗಿಲು ತಪ್ಪಿದ ಮಾತುಗಳು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಆ ಊರಲ್ಲಿ ಹಾಗಿರಲಿಲ್ಲ. ಮುತ್ತು ಒಡೆದರೆ ಹೋಗುತ್ತಿತ್ತು, ಸರಿ. ಮಾತು ಮಾತ್ರ ಹೋಗುತ್ತಿರಲಿಲ್ಲ. ಮಾತಿಗೆ ಕಾಲು ಮೂಡುತ್ತಿತ್ತು.

ಬಾಯಿಂದ ಬಿದ್ದದ್ದೇ ತಡ, ನೆಲ್ಲಿಕಾಯಿ ಗಾತ್ರಕ್ಕೆ ಉಂಡೆಕಟ್ಟಿ, ನಾಲ್ಕು ಪುಟ್ಟ ಕಾಲು ಚಾಚಿ, ಯಾರ ವಿಷಯ ಆಡಿದ್ದೋ ಅವರ ಬಾಗಿಲಿಗೆ ಹೊರಟುಬಿಡುತ್ತಿತ್ತು. ಹೊಗಳಿಕೆ ಕುಣಿದುಕೊಂಡು ಹೋಗುತ್ತಿತ್ತು. ಬೈಗುಳ ದಾಪುಗಾಲು ಹಾಕುತ್ತಿತ್ತು. ಚಾಡಿಮಾತು ಗೋಡೆಯಂಚು ಹಿಡಿದು ಕಳ್ಳಹೆಜ್ಜೆ ಇಡುತ್ತಿತ್ತು. ಹೋಗಿ ಬಾಗಿಲು ತಟ್ಟುತ್ತಿತ್ತು. ಒಳಗಿನವರು ಹೊಸಿಲ ಮೇಲೆ ಕೂತು ಕೇಳಿಸಿಕೊಳ್ಳಬೇಕು. ಒಪ್ಪಲೇಬೇಕು ಅಂತೇನಿಲ್ಲ, ಕೇಳಿಸಿಕೊಂಡರೆ ಸಾಕು. ಕೇಳಿಸಿಕೊಂಡ ಮಾತು ಬೆಲ್ಲದ ಹಾಗೆ ಕರಗಿ ಸಿಪ್ಪೆಯಷ್ಟೇ ಉಳಿಯುತ್ತಿತ್ತು. ಇದಕ್ಕೆಂದೇ ಆ ಊರಿನ ಬಾಗಿಲುಗಳೆಲ್ಲ ಹೊರಕ್ಕೆ ತೆರೆಯುತ್ತಿದ್ದವು.

ಊರಿಗೊಂದು ಕಾಲೇಜು. ಕಾಲೇಜಿಗೊಂದು ಅಂಗಳ. ಅಂಗಳಕ್ಕೊಂದು ಕಟ್ಟೆ. ಕಟ್ಟೆ ಹತ್ತಿದವರನ್ನು ಯಾರೂ ಇಳಿಸುವ ಹಾಗಿಲ್ಲ, ಅದು ಊರು ಕಟ್ಟಿದ ದಿನದ ಕಟ್ಟಳೆ. ಹಿಂದೆಲ್ಲ ಕಟ್ಟೆಯ ಮೇಲೆ ಮಾತಾಡಿದವರು ಕೊನೆಗೆ ಬಗ್ಗಿ, ಅಂಗೈ ನೆಲಕ್ಕಿಟ್ಟು, ‘ಇಂಥವರ ಮನೆಗೆ ಹೋಗು’ ಅಂತ ಮಾತಿಗೆ ದಾರಿ ಹೇಳಿ ಕಳಿಸುತ್ತಿದ್ದರಂತೆ. ಈಗಿನ ಹುಡುಗರಿಗೆ ಅಷ್ಟು ವ್ಯವಧಾನ ಎಲ್ಲಿ? ಊರೊಳಗಿನ ಬಾಗಿಲು ಮಾತಿಗೇ ಗೊತ್ತು, ನಾವ್ಯಾಕೆ ಸೊಂಟ ಬಗ್ಗಿಸಬೇಕು ಅಂತ ಬಿಟ್ಟರು. ಊರೊಳಗಿನ ಬಾಗಿಲು ಗೊತ್ತಿತ್ತು, ಅದೂ ಸರಿಯೇ.

ಇನ್ನು ಗುಡಿಸುವಾಕೆ. ಹಾಸ್ಟೆಲ್ಲಿನ ಬಾಗಿಲುಗಳ ಮುಂದೆ ಬಿದ್ದ ಸಿಪ್ಪೆ ಗುಡಿಸುವುದು ಅವಳ ಕೆಲಸ. ಮೂವತ್ತು ವರ್ಷದಿಂದ ಅದೇ ಪೊರಕೆ, ಅದೇ ಸೊಂಟನೋವು, ಅದೇ ಬಾಯಿ. ಗುಡಿಸಿದ ಸಿಪ್ಪೆಯನ್ನು ಗುಲಾಬಿ ಗಿಡಕ್ಕೆ ಹಾಕುತ್ತಿದ್ದಳು. “ಬೈಗುಳದ ಸಿಪ್ಪೆಯಂಥ ಗೊಬ್ಬರ ಇನ್ನೊಂದಿಲ್ಲ ಕಣ್ರವ್ವಾ. ಹೊಗಳಿಕೆದು ಹಾಕಿದ್ರೆ ಬರೀ ಎಲೆ, ಹೂವೇ ಇಲ್ಲ,” ಅಂತ ಎಲ್ಲರಿಗೂ ಹೇಳುತ್ತಿದ್ದಳು. ಅವಳ ಗುಲಾಬಿ ನೋಡಿದರೆ ಆ ಕಾಲೇಜಿನಲ್ಲಿ ಎಷ್ಟು ಜಗಳ ನಡೆಯುತ್ತದೆ ಅಂತ ಗೊತ್ತಾಗುತ್ತಿತ್ತು.

ಮೇಲಿನ ಅಂತಸ್ತಿನ ಕೊನೇ ಕೋಣೆಯಲ್ಲಿ ಎರಡು ದೀಪದ ಹುಡುಗಿ ಇದ್ದಳು. ಯೆಹೂದಿಗಳ ಮಗಳು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಕಿಟಕಿಯಲ್ಲಿ ಎರಡು ದೀಪ ಹಚ್ಚಿ, ಜಡೆಯ ಹಾಗೆ ಹೆಣೆದ ರೊಟ್ಟಿ ಮುಂದಿಟ್ಟುಕೊಂಡು, ಬಾಗಿಲು ಹಾರುಹೊಡೆದು ಕೂರುತ್ತಿದ್ದಳು. “ದೀಪದ ಸಂಜೆ ಬಾಗಿಲು ಹಾಕಿ ಉಣ್ಣೋದು ನಮ್ಮ ಮನೇಲಿಲ್ಲ ಅಜ್ಜಿ, ಬನ್ನಿ,” ಅಂತ ಕರೆಯುತ್ತಿದ್ದಳು. ಮೊದಲ ಶುಕ್ರವಾರ ಗುಡಿಸುವಾಕೆ ಒಂದು ತುಂಡು ತಿಂದು, ಉಪ್ಪು ಕಮ್ಮಿ ಅಂದಳು. ಎರಡನೇ ಶುಕ್ರವಾರ ಉಪ್ಪಿನಕಾಯಿ ತಂದಳು. ಮೂರನೇ ಶುಕ್ರವಾರದಿಂದ ಅವಳು ಬಾರದೆ ಹುಡುಗಿ ಆ ರೊಟ್ಟಿಯನ್ನು ಮುರಿಯುತ್ತಲೇ ಇರಲಿಲ್ಲ. ಗುಡಿಸುವಾಕೆಗೆ ಆ ಹುಡುಗಿ ಅಂದರೆ ಪ್ರಾಣ, ಅದನ್ನು ಮುಚ್ಚಿಟ್ಟು ಹೇಳುವುದೇನು?

ಹೀಗಿರುವಾಗ ಏಳು ಕಡಲಾಚೆಯ ಒಂದು ಸೀಮೆಯಲ್ಲಿ ಯುದ್ಧವಾಯಿತು. ಮೊದಲು ಒಂದು ಕಡೆಯವರ ಮನೆಗಳಲ್ಲಿ ಸಾವು, ಆಮೇಲೆ ಇನ್ನೊಂದು ಕಡೆಯವರ ಮನೆಗಳಲ್ಲಿ ಸಾವು. ಒಂದು ಕಡೆಯವರು ಶುಕ್ರವಾರ ಎರಡು ದೀಪ ಹಚ್ಚುವವರು. ಹುಡುಗಿಯ ದೊಡ್ಡಮ್ಮ ಅಲ್ಲೇ ಇದ್ದಳು. ಸುದ್ದಿ ಬಂದ ಸಂಜೆ ಹುಡುಗಿ ಊಟಕ್ಕೂ ಇಳಿಯದೆ ಬಾಗಿಲು ಹಾಕಿಕೊಂಡು ಅತ್ತಳು.

ಮಾರನೇ ದಿನ ದೊಡ್ಡ ಗಂಟಲಿನ ಹುಡುಗ ಕಟ್ಟೆ ಹತ್ತಿದ. ಕಾಲೇಜಿನಲ್ಲೇ ಅಷ್ಟು ದೊಡ್ಡ ಗಂಟಲು ಇನ್ನೊಬ್ಬರಿಗಿರಲಿಲ್ಲ, ಅಷ್ಟು ಬೇಗ ಕಣ್ಣೀರು ಬರುವ ಕಣ್ಣೂ ಇರಲಿಲ್ಲ. ಅಲ್ಲಿ ಸತ್ತ ಮಕ್ಕಳನ್ನು ನೆನೆದ, ಆ ಸೀಮೆಯ ರಾಜನನ್ನು ಬೈದ, ಸೇನಾಪತಿಯನ್ನು ಬೈದ. ಬೈದು ಬೈದು ಬಿಸಿಯೇರಿ, “ಅವರೆಲ್ಲಾ ಹಾಗೇ! ಅವರೆಲ್ಲಾ ಒಂದೇ!” ಅಂದ. ಅಂಗಳಕ್ಕೆ ಅಂಗಳವೇ “ಅವರೆಲ್ಲಾ! ಅವರೆಲ್ಲಾ!” ಅಂತು. ಮಾತುಗಳು ಕಟ್ಟೆಯಿಂದ ದುಡುದುಡು ಇಳಿದವು. ಇಳಿದು, ಅಂಗಳದ ನಡುವೆ ನಿಂತವು. ಎಲ್ಲಿಗೆ ಹೋಗಬೇಕು? ಏಳು ಕಡಲಿನ ದಾರಿ ಯಾರೂ ಹೇಳಿರಲಿಲ್ಲ. ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ ಇಟ್ಟು, ಕೊನೆಗೆ ತಿರುಗಿ ಮೆಟ್ಟಿಲು ಹತ್ತಿದವು.

ಬೆಳಗಾಗಿ ಗುಡಿಸುವಾಕೆ ಪೊರಕೆ ಹಿಡಿದು ಮೇಲೆ ಬಂದರೆ, ಕೊನೇ ಕೋಣೆಯ ಬಾಗಿಲ ಮುಂದೆ ಮೊಣಕಾಲೆತ್ತರ ಮಾತು! ಮುಳ್ಳುಮುಳ್ಳಾಗಿ, ಒಂದರ ಮೇಲೊಂದು ಕೂತಿದ್ದವು.

“ಅಯ್ಯೋ ನಿಮ್ಮ ವಂಶ ಬೆಳಗ! ಇಲ್ಲೇನ್ರೋ ಸಂತೆ?” ಅಂತ ಪೊರಕೆ ಎತ್ತಿದಳು. ಬುಟ್ಟಿಗೆ ತುಂಬಿ ಹೊಳೆಗೆ ಸುರಿದು ಬಂದಳು. ಅವಳು ಬರುವುದರೊಳಗೆ ಅವೂ ಬಂದು ಕೂತಿದ್ದವು, ಮೈಯೆಲ್ಲ ಒದ್ದೆ, ಮುಖ ಇನ್ನಷ್ಟು ಸಿಡುಕು. ಕರಗದ ಮಾತನ್ನು ಗುಡಿಸಲಿಕ್ಕಾಗದು, ಅದು ಅವಳಿಗೂ ಗೊತ್ತಿದ್ದದ್ದೇ. ಆದರೂ ಮನಸ್ಸು ಕೇಳಬೇಕಲ್ಲ.

ಸೋಮವಾರದ ಹೊತ್ತಿಗೆ ರಾಶಿ ಸೊಂಟದ ಮಟ್ಟ ಬಂತು. ಬಾಗಿಲು ಹೊರಕ್ಕೆ ತೆರೆಯುವುದು, ರಾಶಿ ಹೊರಗೆ. ತಳ್ಳಿದರೆ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಹುಡುಗಿ ಒಳಗೇ ಉಳಿದಳು. ಗುಡಿಸುವಾಕೆ ಕೆಳಗೆ ಅಂಗಳದಲ್ಲಿ ನಿಂತು ಬುಟ್ಟಿಯಲ್ಲಿ ಅನ್ನ ಸಾರು ಇಟ್ಟಳು, ಹುಡುಗಿ ಕಿಟಕಿಯಿಂದ ಹಗ್ಗ ಬಿಟ್ಟು ಎಳೆದುಕೊಂಡಳು.

“ಉಪ್ಪು ಜಾಸ್ತಿ ಅಜ್ಜಿ!” ಅಂತ ಮೇಲಿಂದ ಕೂಗಿದಳು.

“ಬಾಯಿಗೇನೂ ಆಗಿಲ್ಲ ಅನ್ನು!” ಅಂತ ಇವಳು ಕೆಳಗಿಂದ ಕೂಗಿದಳು. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಹುಡುಗಿ ಕಿಟಕಿಯ ಚೌಕಟ್ಟಿಗೆ ಹಣೆ ಕೊಟ್ಟು ನಿಂತಳು. 

ಇನ್ನು ದೊಡ್ಡ ಮೇಷ್ಟ್ರು, ಅಂದರೆ ಕಾಲೇಜಿಗೆ ಹಿರಿಯರು. ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲ. ಅವರು ಬಂದು ರಾಶಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಮಾತಿನಿಂದಲ್ಲವೇ ಇದೆಲ್ಲ? ಮಾತೇ ಬೇಡ. ಇವತ್ತಿನಿಂದ ಎಲ್ಲರ ಬಾಯಿಗೂ ಬಟ್ಟೆ!” ಅಂದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಎರಡು ದಿನ ಕಾಲೇಜು ಬಟ್ಟೆ ಕಟ್ಟಿಕೊಂಡಿತು. ಅಡುಗೆಯವನು ಉಪ್ಪು ಹಾಕಿದ್ದೀಯಾ ಅಂತ ಕೇಳುವ ಹಾಗಿಲ್ಲದೆ, ಸಾರಿಗೆ ಮೂರು ಜನರ ಉಪ್ಪು ಬಿತ್ತು. ಗಣಿತದ ಮೇಷ್ಟ್ರು ಹುಬ್ಬಿನಲ್ಲೇ ಪಾಠ ಮಾಡಿದರು. ಎಡ ಹುಬ್ಬು ಕೂಡುವುದು, ಬಲ ಹುಬ್ಬು ಕಳೆಯುವುದು, ಭಾಗಾಕಾರಕ್ಕೆ ಬರುವ ಹೊತ್ತಿಗೆ ಮುಖ ಸೆಳೆದುಕೊಂಡಿತು. ಹೊರಬರಲಾರದ ಮಾತುಗಳು ಎಲ್ಲರ ಹೊಟ್ಟೆಯಲ್ಲೂ ಓಡಾಡತೊಡಗಿ, ತರಗತಿಯಲ್ಲಿ ಕೂತರೆ ನಲವತ್ತು ಹೊಟ್ಟೆ ಗುಡುಗುಡು ಅನ್ನುವುದು ಕೇಳುತ್ತಿತ್ತು. ದೀಪದ ಹುಡುಗಿಯೂ ಬಟ್ಟೆ ಕಟ್ಟಿಕೊಳ್ಳಬೇಕಾಯಿತು. ತನ್ನ ದೊಡ್ಡಮ್ಮನ ಹೆಸರು ಹಿಡಿದು ಪ್ರಾರ್ಥನೆ ಮಾಡಲಿಕ್ಕೂ ಅವಳಿಗೆ ಬಾಯಿ ಇಲ್ಲವಾಯಿತು. ರಾಶಿಯಲ್ಲಿ ಒಂದು ಮಾತಾದರೂ ಕಮ್ಮಿಯಾಯಿತಾ ಅಂದರೆ, ಅದೂ ಇಲ್ಲ.

ಬುಧವಾರ ಬೆಳಿಗ್ಗೆ ಬಟ್ಟೆ ಬಿಚ್ಚಿದರು. ಎರಡು ದಿನ ಕಟ್ಟಿದ್ದ ಬಾಯಿಂದ ಮೊದಲು ಬಂದದ್ದೇನು ಗೊತ್ತೇ? “ಎಲ್ಲಾ ಅವರಿಂದಲೇ!” ಬಟ್ಟೆ ಕಟ್ಟಿಸಿದ್ದು ದೊಡ್ಡ ಮೇಷ್ಟ್ರು. ಮಾತು ಹೋಗಿ ಬಿದ್ದದ್ದು ಹುಡುಗಿಯ ಬಾಗಿಲಿಗೆ. ರಾಶಿ ಬಾಗಿಲ ನೆತ್ತಿ ಮುಟ್ಟಿತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ,” ಅಂತ ಗುಡಿಸುವಾಕೆ ಮೇಷ್ಟ್ರಿಗೆ ಕೇಳುವ ಹಾಗೇ ಗೊಣಗಿದಳು.

ಮೇಷ್ಟ್ರು ಅಂಗಳಕ್ಕೆ ಬಂದು ಕಿಟಕಿಯ ಕೆಳಗೆ ನಿಂತು, “ಮಗೂ, ಉಗ್ರಾಣದ ಹಿಂದೆ ಒಂದು ಕೋಣೆ ಇದೆ. ಕಿಟಕಿ ಇಲ್ಲ, ಆದರೆ ಭದ್ರ. ಏಣಿ ಹಾಕಿಸ್ತೀನಿ. ಸದ್ಯಕ್ಕೆ ಅಲ್ಲಿರು,” ಅಂದರು.

ಹುಡುಗಿ ಹೇಳಿದಳು: “ಈ ಬಾಗಿಲು ನಂದು ಮೇಷ್ಟ್ರೇ. ನಾನು ಅಲ್ಲಿಗೆ ಹೋದ್ರೆ ನನ್ನ ಹಿಂದೆ ಅವೂ ಬರ್ತಾವೆ. ಆಮೇಲೆ ಎಲ್ಲಿಗೆ ಕಳಿಸ್ತೀರಿ, ಬಾವಿಗಾ?”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಗುರುವಾರ ಬೆಳಿಗ್ಗೆ ಗುಡಿಸುವಾಕೆ ರಾಶಿಯ ಪಕ್ಕ ಕೂತು, ಗೋಡೆಗೆ ಬಾಯಿ ಹಚ್ಚಿ ಒಳಗಿನವಳನ್ನು ಮಾತಾಡಿಸಿದಳು.

“ಕೂಸೇ, ಎದ್ದಿದ್ದೀಯಾ?”

“ಎದ್ದಿದ್ದೀನಿ ಅಜ್ಜಿ. ಅಪ್ಪನಿಗೆ ಕಾಗದ ಬರೆದಿದ್ದೀನಿ. ಭಾನುವಾರ ಗಾಡಿ ತರ್ತಾರೆ.”

ಗುಡಿಸುವಾಕೆ ಗೋಡೆಗೆ ಇನ್ನಷ್ಟು ಒತ್ತಿ ಕೂತಳು. “ಓದು?”

“ನಾಳೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಈ ಬಾಗಿಲು ತೆರೆದ್ರೆ ಇರ್ತೀನಿ. ಇಲ್ಲದಿದ್ರೆ ಏಣಿ ಹಾಕಿಕೊಂಡು ಇಳಿದು ಹೋಗ್ತೀನಿ. ಬಾಗಿಲು ತೆಗೆಯೋಕಾಗದ ಮನೇಲಿ ದೀಪ ಹಚ್ಚಿ ಯಾರನ್ನ ಕರೀಲಿ?”

“ನೀನು ಅವನ್ನ ಕೇಳಿಸಿಕೊಂಡೆ ತಾನೇ? ಕೇಳಿಸಿಕೊಂಡ್ರೆ ಕರಗಬೇಕಲ್ಲ?”

“ಸಂದಿಗೆ ಕಿವಿ ಇಟ್ಟು ಒಂದೊಂದನ್ನೂ ಕೇಳಿಸಿಕೊಂಡೆ ಅಜ್ಜಿ. ಆಣೆಗೂ. ಒಂದೂ ಕರಗಲಿಲ್ಲ. ಎಲ್ಲ ಒಂದು ಸಲ ತಟ್ಟಿದ್ವು, ಆಮೇಲೆ ಸುಮ್ಮನೆ ಕೂತ್ವು. ತಳದಲ್ಲಿ ಒಂದೇ ಒಂದು ಮಾತ್ರ ಬಿಡದೆ ಬಡೀತಾನೇ ಇದೆ, ಮೊದಲ ದಿನದಿಂದ. ಅವತ್ತು ಅಳ್ತಾ ಬಾಗಿಲು ತೆಗೀಲಿಲ್ಲ. ಈಗ ಏನನ್ನುತ್ತೆ ಅಂತ ಕೇಳಿಸಲ್ಲ, ಮೇಲೆ ಅಷ್ಟು ಭಾರ.”

“ಅದು ಎಲ್ಲಕ್ಕಿಂತ ಕೆಟ್ಟದ್ದೇ ಇರಬೇಕು. ನೀನು ಅದಕ್ಕೆ ಕಿವಿ ಕೊಡಬೇಡ,” ಅಂದಳು ಗುಡಿಸುವಾಕೆ. ಆದರೆ ಅವಳ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು. ಮೂವತ್ತು ವರ್ಷ ಸಿಪ್ಪೆ ಗುಡಿಸಿದವಳು, ಕೇಳಿಸಿಕೊಂಡೂ ಕರಗದ ಮಾತು ಅವಳು ನೋಡಿದ್ದೇ ಇಲ್ಲ. ತನ್ನದಲ್ಲದ ಮಾತನ್ನು ಎಷ್ಟು ಕೇಳಿದರೆ ತಾನೇ ಕರಗೀತು?

ಆ ಊರಲ್ಲಿ ಯಾರೂ ಮಾಡದ ಒಂದು ಕೆಲಸ ಅವಳು ಮಾಡಿದಳು. ರಾಶಿಯಿಂದ ಒಂದು ಮುಳ್ಳುಮಾತನ್ನು ಸೆರಗಿನಲ್ಲಿ ಹಿಡಿದೆತ್ತಿ, ಕಣ್ಣೆದುರು ತಂದು, ಮಾತನ್ನೇ ಮಾತಾಡಿಸಿದಳು.

“ಏನಪ್ಪಾ, ಯಾರ ಮನೆಗೆ ಹೊರಟವನು ನೀನು?”

“ಅವರೆಲ್ಲರ ಮನೆಗೆ,” ಅಂತು ಮಾತು.

“ಅವರೆಲ್ಲರು ಅಂದ್ರೆ ಯಾರು? ಹೆಸರು? ಊರು? ಕೇರಿ?”

ಮಾತು ಕಾಲು ಕೆರೆದುಕೊಂಡಿತು. “ಗೊತ್ತಿಲ್ಲ.”

“ಮತ್ತೆ ಇಲ್ಲಿಗ್ಯಾಕೆ ಬಂದೆ?”

“ಕಿಟಕೀಲಿ ದೀಪ ಕಾಣ್ತು. ಇಲ್ಲೇ ಇರಬೇಕು ಅಂತ ಬಂದೆ.”

ಗುಡಿಸುವಾಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೊಂದನ್ನು ಎತ್ತಿದಳು. ಅದು ದೂರದ ರಾಜನಿಗೆ ಹೊರಟದ್ದು. “ಕಡಲು ಯಾವ ಕಡೆ ಅಂತ ಯಾರೂ ಹೇಳಲಿಲ್ಲ,” ಅಂತ ಬಿಕ್ಕಿತು ಪಾಪ. ಇನ್ನೊಂದು, ಸೇನಾಪತಿಗೆ. ಇನ್ನೊಂದು, ಸತ್ತ ಮಗುವಿನ ತಾಯಿಗೆ ಹೇಳಿದ ಸಮಾಧಾನ, ಅದಕ್ಕಂತೂ ಮುಳ್ಳೇ ಇರಲಿಲ್ಲ, ಸಿಕ್ಕಿಹಾಕಿಕೊಂಡು ಬಂದಿತ್ತು. ಹೀಗೇ ಎತ್ತುತ್ತಾ ಹೋದರೆ ನಾಲ್ಕು ಮಾತು ಬಲು ಭಾರ. ತಿರುಗಿಸಿ ನೋಡಿದಳು. ಕಾಲೇ ಇಲ್ಲ! ಕಲ್ಲು. ಮೇಲೆ ಮಸಿಯಲ್ಲಿ ಬರೆದಿದ್ದರು: ಹೊರಗೆ ಬಾ, ಕಾಲು ಮುರೀತೀವಿ.

ಸೀದಾ ಮೇಷ್ಟ್ರ ಕೋಣೆಗೆ ಹೋಗಿ ನಾಲ್ಕು ಕಲ್ಲನ್ನೂ ಮೇಜಿನ ಮೇಲೆ ಧಡ್ ಅಂತ ಇಟ್ಟಳು.

“ಮೇಷ್ಟ್ರೇ, ಮಾತಿಗೆ ಕಾಲಿರುತ್ತೆ. ತಾನೇ ನಡ್ಕೊಂಡು ಹೋಗುತ್ತೆ. ಇವಕ್ಕೆ ಕಾಲಿಲ್ಲ. ಯಾರೋ ಕೈಯಲ್ಲಿ ಹೊತ್ತು ತಂದು ಆ ಕೂಸಿನ ಬಾಗಿಲಿಗೆ ಇಟ್ಟವ್ರೆ. ಇದು ಮಾತಲ್ಲ, ಮಾತಿನ ವೇಷ ಹಾಕಿದ ಕಲ್ಲು. ನೀವು ಮಾತಾಡೋರ ಬಾಯಿ ಕಟ್ಟಿದ್ರಿ, ಕಲ್ಲು ಇಟ್ಟೋರ ಕೈ ನೋಡಲಿಲ್ಲ.”

ಮೇಷ್ಟ್ರು ಕನ್ನಡಕಕ್ಕೆ ಕೈ ಹಾಕಿದರು. “ಆ ಕನ್ನಡಕ ಸಾಕಷ್ಟು ಕ್ಲೀನಾಗಿದೆ!” ಅಂದಳು ಗುಡಿಸುವಾಕೆ. ಮೇಷ್ಟ್ರು ಕೈ ತೆಗೆದರು. ಎದ್ದರು. ಆ ಊರಲ್ಲಿ ಇಂಥ ಕಲ್ಲನ್ನು ಇನ್ನೊಬ್ಬರ ಬಾಗಿಲಿಗಿಟ್ಟ ಅಂಗೈ ಏಳು ದಿನ ಕಪ್ಪಗಿರುತ್ತದೆ. ಮೇಷ್ಟ್ರು ಕಾಲೇಜಿಗೆಲ್ಲ ಅಂಗೈ ತೋರಿಸಿ ಅಂದರು. ಮುನ್ನೂರು ಜೊತೆ ಕೈಯಲ್ಲಿ ಎರಡು ಜೊತೆ ಕಪ್ಪು. “ನೀವಿಬ್ಬರೂ ಈ ವರ್ಷ ಹಾಸ್ಟೆಲ್ಲಿನ ಮೆಟ್ಟಿಲು ತುಳಿಯೋ ಹಾಗಿಲ್ಲ,” ಅಂದರು. ಅವರ ಧ್ವನಿ ನಡುಗಲಿಲ್ಲ, ಅದಕ್ಕೆ ಅವರಿಗೇ ಆಶ್ಚರ್ಯವಾಯಿತು. ಆಮೇಲೆ ಒಂದು ಸ್ಟೂಲು ಹೊತ್ತುಕೊಂಡು ಹೋಗಿ ಹುಡುಗಿಯ ಬಾಗಿಲ ಪಕ್ಕ ಹಾಕಿಕೊಂಡು ಕೂತರು.

ಕಲ್ಲಿನ ಕಥೆ ಮುಗಿಯಿತು. ಮಾತಿನದ್ದು ಉಳಿದಿತ್ತು. ಗುಡಿಸುವಾಕೆ ಅಂಗಳಕ್ಕೆ ಬಂದಾಗ ದೊಡ್ಡ ಗಂಟಲಿನ ಹುಡುಗ ಕಟ್ಟೆಯ ಮೇಲಿದ್ದ. ಅವಳು ಇಳಿ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ಅವನಾಗಿ ಇಳಿಯುವ ತನಕ ಕಾದು, ಕಿವಿ ಹಿಡಿಯುವುದೊಂದು ಬಾಕಿ, ಮೇಲಕ್ಕೆ ಕರೆದುಕೊಂಡು ಹೋದಳು.

ರಾಶಿ ಕಂಡು ಹುಡುಗ ಎರಡು ಮೆಟ್ಟಿಲು ಹಿಂದೆ ಇಳಿದ.

“ಅಜ್ಜಿ, ನಾನು ಇವಳ ವಿಷಯ ಒಂದು ಮಾತೂ ಆಡಿಲ್ಲ! ದೂರದ ರಾಜನ ವಿಷಯ ಆಡಿದ್ದು.”

“ಆಡಿಲ್ಲ ಮಗಾ, ಒಪ್ಪಿದೆ. ಆಡಿದ ಮೇಲೆ ನಿನ್ನ ಮಾತು ಎಲ್ಲಿಗೆ ಹೋಯ್ತು ಅಂತ ಒಂದು ದಿನ ಹಿಂದೆ ನಡೆದು ನೋಡಿದ್ಯಾ?”

ಹುಡುಗ ನೋಡಿರಲಿಲ್ಲ. ಆ ಕಾಲೇಜಿನಲ್ಲಿ ಯಾರೂ ನೋಡಿರಲಿಲ್ಲ.

“ಹಾಗಾದ್ರೆ ನಾನು ಸುಮ್ಮನಿರಬೇಕಾ? ಅಲ್ಲಿ ಮಕ್ಕಳು ಸಾಯ್ತಿದ್ದಾವೆ ಅಜ್ಜಿ,” ಅಂದ. ಅವನ ಕಣ್ಣು ಆಗಲೇ ತುಂಬಿತ್ತು.

“ಯಾರಪ್ಪ ಸುಮ್ಮನಿರು ಅಂದೋರು? ಎರಡು ದಿನ ಸುಮ್ಮನಿದ್ದು ಹೊಟ್ಟೆ ಏನಾಯ್ತು ಅಂತ ನಂಗೂ ಗೊತ್ತು. ಆಡು, ಗಂಟಲು ಹರಿಯೋ ಹಾಗೆ ಆಡು. ನನ್ನ ಗುಲಾಬಿಗೂ ಬೇಕು. ಆದ್ರೆ ರಾಜನಿಗೆ ಆಡಿದ್ದನ್ನ ರಾಜನ ಮನೆಗೆ ಕಳಿಸು. ಅಂಗೈ ನೆಲಕ್ಕಿಟ್ಟು ದಾರಿ ಹೇಳೋಕೆ ನಿನ್ನ ಸೊಂಟಕ್ಕೇನಾಗಿದೆ? ನನ್ನದಕ್ಕಿಂತ ಗಟ್ಟಿಯಾಗೇ ಇದೆ.”

ಗೋಡೆಯ ಆಚೆಯಿಂದ ಹುಡುಗಿಯ ದನಿ ಬಂತು. “ರಾಜನಿಗೆ ಹೇಳೋದು ನಂಗೂ ಇದೆ! ಸೇನಾಪತಿಗೂ, ಅವನ ಎದುರು ಕಡೆಯ ಸೇನಾಪತಿಗೂ. ಬಾಗಿಲು ತೆರೆದ್ರೆ ನಾನೂ ಕಟ್ಟೆ ಹತ್ತಬಹುದಿತ್ತು!”

ಹುಡುಗ ಗೋಡೆಯನ್ನೇ ನೋಡುತ್ತಾ ನಿಂತ. ಗೋಡೆಯಾಚೆ ಮಾತಾಡುವವರು ಇದ್ದಾರೆ ಅಂತ ಅವನಿಗೆ ಹೊಳೆದೇ ಇರಲಿಲ್ಲ.

ಶುಕ್ರವಾರ ಬೆಳಗಿನಿಂದಲೇ ಮೆಟ್ಟಿಲ ಮೇಲೆ ಸಾಲು. ಹುಡುಗ ತನ್ನ ದೊಡ್ಡ ಗಂಟಲಲ್ಲಿ ಕಟ್ಟೆ ಹತ್ತಿ ಕರೆದಿದ್ದ: “ಆಡಿದವರೆಲ್ಲ ಬನ್ನಿ, ನಿಮ್ಮ ಮಾತು ದಾರಿ ತಪ್ಪಿದೆ!” ಯಾರನ್ನೂ ಯಾರೂ ಎಳೆದು ತರಲಿಲ್ಲ. ಬಂದವರು ರಾಶಿಗೆ ಕೈ ಚಾಚಿದರೆ, ಅವರವರ ಮಾತು ಅವರವರ ಅಂಗೈಗೆ ಹಾರಿ ಬರುತ್ತಿತ್ತು. ಬಗ್ಗಿ, ಅಂಗೈ ನೆಲಕ್ಕಿಟ್ಟು, ದಾರಿ ಹೇಳುತ್ತಿದ್ದರು. ‘ಹೊಳೆ ದಾಟು, ಕಡಲು ದಾಟು, ರಾಜನ ಮನೆಗೆ ಹೋಗು.’ ‘ಹೊಳೆ ದಾಟು, ಕಡಲು ದಾಟು, ಆ ತಾಯಿಯ ಮನೆಗೆ ಹೋಗು.’ ಮಾತುಗಳು ದಾರಿ ಸಿಕ್ಕ ಖುಷಿಗೆ ಮೆಟ್ಟಿಲು ಹಾರಿ ಹಾರಿ ಇಳಿದವು. ಊರ ಬಾಗಿಲು ದಾಟಿ ಹೊಳೆಯ ತನಕ ಸಾಲುಗಟ್ಟಿ ನಡೆದವು. “ಇಷ್ಟೊಂದು ಜನಕ್ಕೆ ನನ್ನ ದೋಣಿ ಸಾಲುತ್ತೇನ್ರಪ್ಪಾ?” ಅಂತ ಅಂಬಿಗ ತಲೆ ಕೆರೆದುಕೊಂಡನಂತೆ.

‘ಅವರೆಲ್ಲಾ’ ಅಂದ ಮಾತುಗಳದ್ದೇ ಪೇಚು. ಅಂಗೈ ನೆಲಕ್ಕಿಟ್ಟು ಯಾರ ಮನೆಗೆ ಅಂತ ಹೇಳುವುದು? ಹೆಸರು ಹೇಳಲು ಹೋದರೆ ಬಾಯಿ ತೊದಲುತ್ತಿತ್ತು. ಮಾತು ಅಂಗೈಯಲ್ಲೇ ಕೂತು ಪಿಳಿಪಿಳಿ ನೋಡುತ್ತಿತ್ತು. ದೊಡ್ಡ ಗಂಟಲಿನ ಹುಡುಗನ ಪಾಲಿಗೆ ಅಂಥವು ಐದು. ಒಂದೊಂದನ್ನೂ ತಿರುಗಿಸಿ ನೋಡಿದ, ಕಿವಿ ಕೆಂಪಾಯಿತು, ಕೊನೆಗೆ ಒಂದನ್ನು ಬಾಯಿಗೆ ಹಾಕಿಕೊಂಡ.

“ಥೂ! ಹಾಗಲಕಾಯಿ!”

“ಹೋದ ವಾರ ಆಡುವಾಗ ಸಿಹಿಯಾಗಿತ್ತಲ್ಲ?” ಅಂದಳು ಗುಡಿಸುವಾಕೆ. ಎಷ್ಟಾದರೂ ಕರುಳು, ಸೊಂಟದ ಗಂಟಿನಿಂದ ಬೆಲ್ಲ ತೆಗೆದು ಕೊಟ್ಟಳು. ಅದನ್ನು ನೋಡಿ ಉಳಿದವರೂ ಮುಖ ಕಿವುಚಿಕೊಂಡು ತಮ್ಮತಮ್ಮದು ನುಂಗಿದರು. ಅಡುಗೆಯವನು ಉಗ್ರಾಣದ ಬೆಲ್ಲದಚ್ಚು ಹೊತ್ತು ತರಬೇಕಾಯಿತು. ಒಬ್ಬ ಮಾತ್ರ, ನಾನು ನುಂಗಲ್ಲ, ಅಂದು ಮಾತನ್ನು ಜೇಬಿಗೆ ಹಾಕಿಕೊಂಡು ನಡೆದ. ಮೇಷ್ಟ್ರು ಸ್ಟೂಲಿನಿಂದ ಎದ್ದರು.

“ಕೂತ್ಕೊಳ್ಳಿ ಮೇಷ್ಟ್ರೇ. ಅವನ ಮಾತು, ಅವನ ಜೇಬು, ಚುಚ್ಚೋದೂ ಅವನಿಗೇ. ಈ ಬಾಗಿಲಿಗೆ ತಂದಾಗ ನೋಡೋಣ,” ಅಂದಳು ಗುಡಿಸುವಾಕೆ.

ಹೊತ್ತು ಇಳಿಯುತ್ತಾ ಬಂತು. ರಾಶಿ ಸೊಂಟಕ್ಕೆ ಬಂತು, ಮೊಣಕಾಲಿಗೆ ಬಂತು, ಪಾದಕ್ಕೆ ಬಂತು. ಕೊನೆಗೆ ಒಂದೇ ಒಂದು ಉಳಿಯಿತು. ಹೊಸಿಲಿನ ಮೂಲೆಯಲ್ಲಿ, ಕಡಲೆಕಾಳಿನಷ್ಟು, ಭಾರಕ್ಕೆ ಚಪ್ಪಟೆಯಾಗಿ. ಕಾಲೊಂದು ಮುರಿದಿತ್ತು. ಆದರೂ ಬಾಗಿಲು ಬಡಿಯುತ್ತಲೇ ಇತ್ತು, ಟಕ್ ಟಕ್, ಟಕ್ ಟಕ್.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. “ಇದು ಯಾರದು?” ಯಾರೂ ಕೈ ಚಾಚಲಿಲ್ಲ. ಗುಡಿಸುವಾಕೆ ಪೊರಕೆ ಎತ್ತಿದಳು. “ಇದೇ ಎಲ್ಲಕ್ಕಿಂತ ಹಟಮಾರಿ. ಕೂಸೇ, ತಡಿ, ಇದೊಂದು ನಾನು…”

ಬಾಗಿಲು ತೆರೆಯಿತು.

ಆರು ದಿನದ ಮೇಲೆ ಹುಡುಗಿ ಹೊಸಿಲ ಮೇಲೆ ನಿಂತಳು. ಮುಖ ಬಿಳುಚಿತ್ತು, ಕೂದಲು ಕೆದರಿತ್ತು, ಕೈಯಲ್ಲಿ ಬೆಂಕಿಪೊಟ್ಟಣ. ಕೆಳಗೆ ನೋಡಿದಳು. ಕೂತು, ಆ ಕಡಲೆಕಾಳನ್ನು ಅಂಗೈಗೆ ತೆಗೆದುಕೊಂಡು ಕಿವಿಗೆ ಹಿಡಿದಳು. ಮೆಟ್ಟಿಲ ಮೇಲಿನ ಸಾಲಿಗೆ ಸಾಲೇ ಕತ್ತು ಚಾಚಿತು.

ಮಾತು ಕರಗಿತು. ಅವಳ ಅಂಗೈಯಲ್ಲಿ, ಎಲ್ಲರ ಕಣ್ಣೆದುರು, ಬೆಲ್ಲದ ಹಾಗೆ.

“ಏನಂತು ಕೂಸೇ?” ಗುಡಿಸುವಾಕೆ ಪೊರಕೆ ಇಳಿಸಿದಳು.

ಹುಡುಗಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. “ಆ ಕೊನೇ ಕೋಣೆ ಹುಡುಗಿ ಊಟಕ್ಕೆ ಬರಲಿಲ್ಲವಲ್ಲ, ಯಾಕೋ ಏನೋ, ಅಂತು. ದೊಡ್ಡ ಗಂಟಲಿನ ದನಿ. ಮೆಲ್ಲಗೆ ಆಡಿದ್ದು.”

ದೊಡ್ಡ ಗಂಟಲಿನ ಹುಡುಗ ತೋಳಿನಿಂದ ಮುಖ ಒರೆಸಿಕೊಂಡ. ಸುದ್ದಿ ಬಂದ ಆ ಮೊದಲ ಸಂಜೆ, ಪಂಕ್ತಿಯಲ್ಲಿ ಖಾಲಿ ಎಲೆ ಕಂಡು, ಅನ್ನ ಕಲಸುತ್ತಾ ಪಕ್ಕದವನಿಗೆ ಅಂದದ್ದು. ಅಂದದ್ದು ಅವನಿಗೇ ಮರೆತುಹೋಗಿತ್ತು. ಮರುದಿನ ಕಟ್ಟೆ ಹತ್ತಿ ತಾನೇ ಅದರ ಮೇಲೆ ಅಷ್ಟು ಮಾತು ಸುರಿದಿದ್ದ.

ಗುಡಿಸುವಾಕೆ ಪೊರಕೆಯಿಂದ ತನ್ನ ತಲೆಗೇ ಒಂದು ಕೊಟ್ಟುಕೊಂಡಳು. “ಬೆಂಕಿ ಹಾಕ ನನ್ನ ಬುದ್ಧಿಗೆ! ತನ್ನ ಬಾಗಿಲಿಗೆ ಬಂದ ಮಾತಲ್ಲವಾ ತೆಗೆಯೋ ತನಕ ಬಡಿಯೋದು? ಮೂವತ್ತು ವರ್ಷ ಗುಡಿಸಿದೆ, ಇಷ್ಟು ತಿಳೀಲಿಲ್ಲ. ಕಿವಿ ಕೊಡಬೇಡ ಅಂದೆನಲ್ಲೇ ಕೂಸೇ!”

ಹುಡುಗಿ ಕಣ್ಣೊರೆಸಿಕೊಂಡು ಎದ್ದಳು. ಹುಡುಗನನ್ನು ಮೇಲಿಂದ ಕೆಳಗೆ ನೋಡಿದಳು.

“ಇಲ್ಲ, ಊಟ ಇನ್ನೂ ಆಗಿಲ್ಲ. ಒಳಗೆ ಬಾ. ನೀನು ಕಟ್ಟೆ ಮೇಲೆ ಆಡಿದ್ದರಲ್ಲಿ ಅರ್ಧ ತಪ್ಪು. ಯಾವ ಅರ್ಧ ಅಂತ ಉಣ್ತಾ ಹೇಳ್ತೀನಿ.”

“ಅರ್ಧ ಅಲ್ಲ, ಕಾಲು ಭಾಗ!” ಅಂದ ಹುಡುಗ, ಮೂಗು ಸೀಟುತ್ತಲೇ.

“ಅರ್ಧ!”

ಎರಡು ದೀಪ ಹತ್ತಿದವು. ಬಾಗಿಲು ಹಾರುಹೊಡೆದಿತ್ತು. ರೊಟ್ಟಿ ಒಂದು, ಬಂದವರು ಹದಿನೆಂಟು, ಒಬ್ಬೊಬ್ಬರಿಗೆ ಉಗುರಿನಷ್ಟು. ಗುಡಿಸುವಾಕೆಯ ಉಪ್ಪಿನಕಾಯಿಯೇ ಊಟ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಮೇಷ್ಟ್ರು ಗಾದೆ ಹೇಳಿದರು. “ಜಗಳ ಇರಲಿ ಬಿಡಿ ಮೇಷ್ಟ್ರೇ, ಗುಲಾಬಿ ಏನು ತಿನ್ನಬೇಕು?” ಅಂದಳು ಗುಡಿಸುವಾಕೆ. ಹುಡುಗಿಯ ಮಾತು ಹುಡುಗನ ಎಲೆಗೆ, ಹುಡುಗನ ಮಾತು ಹುಡುಗಿಯ ಎಲೆಗೆ ಓಡಾಡುತ್ತಿದ್ದವು. ಕೆಲವಕ್ಕೆ ಮುಳ್ಳೂ ಇತ್ತು. ಎಲ್ಲವೂ ಕರಗಿದವು. ಮಾರನೇ ಬೆಳಿಗ್ಗೆ ಬುಟ್ಟಿಗಟ್ಟಲೆ ಸಿಪ್ಪೆ ಗುಡಿಸಿ ಅವಳ ಸೊಂಟ ಬಿದ್ದುಹೋಯಿತು.

ಭಾನುವಾರ ಹುಡುಗಿಯ ಅಪ್ಪ ಗಾಡಿ ಹೊಡೆದುಕೊಂಡು ಬಂದ. ದಾರಿಯುದ್ದಕ್ಕೂ ಏನೇನು ನೆನೆಸಿಕೊಂಡು ಬಂದಿದ್ದನೋ, ಮುಖ ಸುಣ್ಣವಾಗಿತ್ತು. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದ. ಬಾಗಿಲು ತೆರೆದೇ ಇತ್ತು. ಕೋಣೆ ಖಾಲಿ.

“ನನ್ನ ಮಗಳು?” ಅಂದ. 

ಗುಡಿಸುವಾಕೆ ಪೊರಕೆಯ ತುದಿಯಿಂದ ಕಿಟಕಿಯಾಚೆ ತೋರಿಸಿದಳು. ಅಂಗಳ ತುಂಬ ಜನ. ಕಟ್ಟೆಯ ಮೇಲೆ ಅವಳು. ಕೆಲವರು ತಲೆಯಾಡಿಸುತ್ತಿದ್ದರು, ಕೆಲವರು ಇಲ್ಲ ಇಲ್ಲ ಅಂತ ಕೂಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಒಂದು ದೊಡ್ಡ ಗಂಟಲು ಇಲ್ಲ ಅನ್ನುತ್ತಿತ್ತು. ಯಾರೂ ಅವಳನ್ನು ಇಳಿಸಲಿಲ್ಲ. ಅವಳು ಮಾತು ಮುಗಿಸಿ, ಬಗ್ಗಿ, ಅಂಗೈ ನೆಲಕ್ಕಿಟ್ಟು, ದಾರಿ ಹೇಳುತ್ತಿದ್ದಳು.

ಅಪ್ಪ ಕಿಟಕಿಯ ಚೌಕಟ್ಟು ಹಿಡಿದು ಬಗ್ಗಿ ನೋಡಿದ.

“ಎತ್ತು ಬಿಚ್ಚಿ ಯಜಮಾನ್ರೇ, ಅವಳು ಬರಲ್ಲ,” ಅಂದಳು ಗುಡಿಸುವಾಕೆ. “ಊಟ ಆಯ್ತಾ?”

ಕಡಲೆಕಾಳಿನಷ್ಟು ಮಾತೊಂದು ಅವಳ ಬಾಯಿಂದ ಇಳಿದು, ಎರಡೇ ಹೆಜ್ಜೆ ನಡೆದು, ಅವನ ಚಪ್ಪಲಿಯನ್ನು ತಟ್ಟಿತು.